ಗಾದಿಯ ಕಟ್ಟಳೆ

ಪಾಲಾಕ್ಷನಿಗೆ ಅತ್ತಿಗೆಯ ಮೇಲೆ ಹಗೆ ಹುಟ್ಟಿದ್ದು ಒಂದು ಗಾದಿಯ ದೆಸೆಯಿಂದ. ಚನ್ನರಾಯಪಟ್ಟಣದ ಅವರ ಕೊಬ್ಬರಿ ಮಂಡಿಯಲ್ಲಿ ಯಜಮಾನ ಕೂರುವ ಗಾದಿ ಅದು. ಅಣ್ಣ ಬಸವರಾಜು ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ, ಇನ್ನು ಅದು ತನ್ನದೇ ಎಂದು ಅವನು ಒಳಗೊಳಗೇ ಹಿಗ್ಗಿದ್ದ. ಆದರೆ ಅಪ್ಪ ಪರಮಶಿವಯ್ಯನವರು ಅಣ್ಣನ ಹೆಂಡತಿ ಗಂಗಾಂಬಿಕೆಯನ್ನು ಕರೆತಂದು ಅದರ ಮೇಲೆ ಕೂರಿಸಿಬಿಟ್ಟರು. ಅರಕಲಗೂಡಿನ ವ್ಯಾಪಾರಿಗಳು ಅವಳಿಗೆ ಕೈಮುಗಿದು ಮಾತಾಡುತ್ತಿದ್ದರೆ, ಇವನು ಮೂಲೆಯಲ್ಲಿ ನಿಂತು ಕೊಬ್ಬರಿ ಆರಿಸಬೇಕಿತ್ತು. ಮೈಯೆಲ್ಲ ಉರಿಯುತ್ತಿತ್ತು.

"ಅದು ಗಂಡಸ್ರು ಕೂರೋ ಜಾಗ ಅತ್ಗಮ್ಮ," ಎಂದು ಒಮ್ಮೆ ಬಾಯಿಬಿಟ್ಟೇ ಹೇಳಿದ್ದ.

"ಕೂರ್ಸಿರೋರು ಮಾವನೋರು. ಅವ್ರು ಏಳು ಅಂದ್ರೆ ಏಳ್ತೀನಿ," ಅಂದಿದ್ದಳು, ತಲೆ ಕೂಡ ಎತ್ತದೆ.

ನಲವತ್ನಾಲ್ಕರಲ್ಲಿ ಪರಮಶಿವಯ್ಯನವರೂ ಹೋದರು. ಮಂಡಿಯನ್ನು ತಲೆತಲಾಂತರಕ್ಕೂ ಯಾರು ಹೇಗೆ ನಡೆಸಬೇಕೆಂದು ಅವರು ಮೂವತ್ತೆಂಟರ ದೀಪಾವಳಿಯಲ್ಲಿ, ಅಂಗಡಿ ಪೂಜೆಯ ದಿನ, ಕಟ್ಟಳೆ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದರು. ಬರೆದದ್ದು ಮನೆಮಂದಿಗೆಲ್ಲ ಗೊತ್ತಿತ್ತು, ಏನು ಬರೆದರೆಂಬುದು ಯಾರಿಗೂ ಗೊತ್ತಿರಲಿಲ್ಲ. ತಾವು ಸತ್ತ ಮೇಲೆ ಹೊಳೆನರಸೀಪುರದ ಭಾವಮೈದುನ ದೊಡ್ಡಯ್ಯನ ಎದುರಿಗೆ ಓದಿಸಬೇಕು ಎಂದಿದ್ದರು. ಪಾಲಾಕ್ಷ ಅಲ್ಲಿಯತನಕ ಕಾಯಲಿಲ್ಲ, ಗುಟ್ಟಾಗಿ ಪೆಟ್ಟಿಗೆ ತೆಗೆದು ಓದಿದ. ಗಾದಿ ಹಿರಿಯ ಮಗನಿಗೆ, ಅವನಿಲ್ಲದಿದ್ದರೆ ಅವನ ಹೆಂಡತಿಗೆ ಎಂದಿತ್ತು. ಅಪ್ಪ ಸತ್ತ ಮೇಲೂ ತನ್ನನ್ನು ನಿಲ್ಲಿಸಿಯೇ ಇಟ್ಟರಲ್ಲ ಎಂದು ಅವನು ಹಲ್ಲು ಕಡಿದ.

ಹೊಸ ಕಟ್ಟಳೆ ಬರೆಯುವುದು ಅವನಿಗೆ ಕಷ್ಟದ ಕೆಲಸವೇನಲ್ಲ. ಅಪ್ಪನ ಅಕ್ಷರದ ಮೇಲೆಯೇ ತಿದ್ದಿ ಬರಹ ಕಲಿತವನು. ಅದೇ ಕಟ್ಟಿನಲ್ಲಿ ಉಳಿದಿದ್ದ ಹಾಳೆ, ಅಪ್ಪನದೇ ಲೇಖನಿ. ತಾರೀಖು ಬದಲಿಸುವಂತಿರಲಿಲ್ಲ, ಮೂವತ್ತೆಂಟರ ಆ ದೀಪಾವಳಿಯ ತಿಥಿಯನ್ನೇ, ಬಹುಧಾನ್ಯ ಸಂವತ್ಸರ, ಕಾರ್ತೀಕ ಶುದ್ಧ ಪಾಡ್ಯ ಎಂದು ಹಾಕಿದ. ಗಂಗಾಂಬಿಕೆಯ ಹೆಸರನ್ನು ಮಾತ್ರ ಎಲ್ಲೂ ಎತ್ತಲಿಲ್ಲ. ಆಗಿನ್ನೂ ಅವಳು ಮುತ್ತೈದೆ, ಅವಳನ್ನು ಕೆಳಗಿಳಿಸುವ ಮಾತನ್ನು ಅಪ್ಪ ಯಾಕೆ ಬರೆದಾರು? ಅದಕ್ಕೇ "ಗಂಡಸರು ಇರುವತನಕ ಹೆಂಗಸರು ಗಾದಿ ಏರತಕ್ಕದ್ದಲ್ಲ" ಎಂದು ಯಾರ ಮೇಲೂ ಬೊಟ್ಟು ಮಾಡದೆ ಬರೆದ. ತನ್ನ ಈ ಜಾಣತನಕ್ಕೆ ತಾನೇ ತಲೆದೂಗಿದ. ಹಾಳೆಯನ್ನು ನಾಲ್ಕು ದಿನ ಕೊಬ್ಬರಿ ರಾಶಿಯ ಅಡಿಯಲ್ಲಿಟ್ಟು ಹಳದಿ ಮಾಡಿದ. ಹಳೆಯದನ್ನು ಬಚ್ಚಲೊಲೆಗೆ ಹಾಕಿ, ಮೇಲೆ ಎರಡು ಚಿಪ್ಪು ಒಟ್ಟಿದ. ಸಿಕ್ಕಿಬಿದ್ದರೆ ಮಂಡಿಯ ಹೊಸ್ತಿಲನ್ನೂ ತುಳಿಯುವಂತಿಲ್ಲವೆಂದು ಗೊತ್ತಿತ್ತು. ಸಿಕ್ಕಿಬೀಳಲು ಏನುಳಿದಿದೆ ಎಂದು ಹುಡುಕಿ ನೋಡಿದ. ಏನೂ ಕಾಣಲಿಲ್ಲ.

ಓದಲು ಗೊತ್ತುಮಾಡಿದ ದಿನ ಬೆಳಗ್ಗೆ ದೊಡ್ಡಯ್ಯ ಬಂದು ಮಂಡಿಯಲ್ಲಿ ಕೂತರು. ಪೆಟ್ಟಿಗೆ ತೆಗೆಸಿದರು. ಅಕ್ಷರ ನೋಡಿ, "ಭಾವಂದೇ ಬರಹ," ಎಂದು ಕಣ್ಣೊರೆಸಿಕೊಂಡರು. ಪಾಲಾಕ್ಷನ ಎದೆ ಹಗುರಾಯಿತು.

"ನಂಗೆ ಕಣ್ಣು ಮಂಜು. ನೀನೇ ಓದವ್ವ," ಎಂದು ಗಂಗಾಂಬಿಕೆಯ ಕೈಗೆ ಕೊಟ್ಟರು. ಅವಳನ್ನು ಇಳಿಸುವ ಮಾತನ್ನು ಅವಳ ಬಾಯಿಂದಲೇ ಕೇಳುವ ಭಾಗ್ಯವನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಕಂಬಕ್ಕೆ ಒರಗಿ ನಿಂತ.

ಅವಳು ಮೊದಲ ಸಾಲು ಓದಿದಳು: "ನನ್ನ ಮಕ್ಕಳಾದ ಲಿಂಗೈಕ್ಯ ಬಸವರಾಜು, ಚಿರಂಜೀವಿ ಪಾಲಾಕ್ಷ ಇವರಿಗೆ..." ಅಷ್ಟಕ್ಕೇ ಓದು ನಿಲ್ಲಿಸಿ ಹಾಳೆಯನ್ನು ತೊಡೆಯ ಮೇಲಿಟ್ಟಳು. ಹಾಳೆಯಲ್ಲಿ ಇದ್ದದ್ದು 'ಲಿಂ.' ಎಂಬ ಒಂದೇ ಅಕ್ಷರ. ಮೂರು ವರ್ಷದಿಂದ ಪ್ರತಿ ಕಾಗದದಲ್ಲೂ ಅಣ್ಣನ ಹೆಸರಿನ ಹಿಂದೆ ಹಾಕಿ ಹಾಕಿ ಪಾಲಾಕ್ಷನ ಕೈಗೆ ರೂಢಿಯಾಗಿದ್ದ ಅಕ್ಷರ. ದೊಡ್ಡಯ್ಯ ನಿಧಾನಕ್ಕೆ ಅವನ ಕಡೆ ತಿರುಗಿದರು. "ಲೇ ಪಾಲಾಕ್ಷ, ಭಾವ ಇದ್ನ ಬರ್ದ ದೀಪಾವಳೀಲಿ ಬಸ್ವರಾಜ ನನ್ ಪಕ್ಕದಾಗೇ ಕುಂತು ಒಬ್ಬಟ್ಟು ತಿಂತಿದ್ದ ಕಣ್ಲಾ. ಕಣ್ಣೆದುರಿಗೆ ಬದ್ಕಿರೋ ಮಗನ್ನ ಲಿಂಗೈಕ್ಯ ಅಂತ ಯಾವ ಅಪ್ಪ ಬರೀತಾನ್ಲಾ?"