ಹನ್ನೊಂದು ಮನೆಗಳ ಕೀಲಿಕೈ

ಜಲಾಲುದ್ದೀನ್ ಸಾಹೇಬರು ತೀರಿಕೊಂಡ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಅವರ ಹೆಂಡತಿ ಸರ್ದಾರಬಿ ಒಳಕೋಣೆಯ ಮರದ ಪೆಟ್ಟಿಗೆಯನ್ನು ತೆರೆದರು. ಹನ್ನೊಂದು ಕೀಲಿಕೈ ಇರಬೇಕಾದ ಪೆಟ್ಟಿಗೆಯಲ್ಲಿ ಒಂದೂ ಇರಲಿಲ್ಲ.

ಅದು 1949ರ ಜೂನ್, ಮಂಗಳವಾರ. ಹಿಂದಿನ ವರ್ಷದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಕಲ್ಯಾಣದ ಒಂದು ಓಣಿಯ ಹನ್ನೊಂದು ಮನೆಯವರು ಹುಮನಾಬಾದಿಗೆ ಓಡಿಹೋಗಿ, ದರ್ಗಾದ ಪಡಸಾಲೆಯಲ್ಲಿ ದಿನ ದೂಡುತ್ತಿದ್ದರು. ಹೋಗುವಾಗ ಕೀಲಿಕೈಗಳನ್ನು ಸಾಹೇಬರ ಕೈಗಿಟ್ಟಿದ್ದರು. ಅವರನ್ನು ಅವರವರ ಮನೆಗೇ ಸೇರಿಸಬೇಕೆಂದು ಸಾಹೇಬರು ಏಳು ತಿಂಗಳು ಅರ್ಜಿ ಹಿಡಿದು ಅಲೆದರು. ಅಲೆಯುತ್ತಲೇ ತೀರಿಕೊಂಡರು. ಅಪ್ಪಣೆ ಬಂದದ್ದು ಅವರು ಹೋದ ಮೇಲೆ.

ಗುರುವಾರ ಪಂಚರು ಬರುತ್ತಾರೆ. ಮಾಳಿಗೆ ಗಟ್ಟಿಯಾಗಿದ್ದು, ಮನೆಯವರು ತಮ್ಮ ಬೀಗ ತೆರೆದು ತೋರಿಸಿದರೆ ಮನೆ ಅವರದು. ಇಲ್ಲವಾದರೆ ‘ಬೇವಾರಸಿ’, ಅಂದರೆ ವಾರಸುದಾರರಿಲ್ಲದ್ದು, ಎಂದು ಬರೆದು ಬೇರೆಯವರಿಗೆ ಕೊಟ್ಟುಬಿಡುವುದು!

ಹುಮನಾಬಾದಿನಿಂದ ಫಾತಿಹಾಕ್ಕೆ ಬಂದಿದ್ದ ವಿಧವೆ ಕುಲ್ಸುಮ್ ಬೀ ಅಂಗಳದಲ್ಲೇ ಕುಸಿದು ಕುಳಿತಳು. ನೀರು ಹೊರುವ ದ್ರೌಪತಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟಳು. ಕುಲ್ಸುಮ್ ಬೀ ಒಂದು ಗುಟುಕು ಕುಡಿದು ಅಂದಳು:

“ಊರಾಗ ನಮ್ಮವು ನಾಕು ಗ್ವಾಡಿ ಅದಾವಂತ ಹೇಳಿ ಮೂರೂ ಹೆಣ್ಣುಮಕ್ಕಳಿಗಿ ಮಲಗಸ್ತಿದ್ದೆ, ಅಣ್ಣಾ. ಇನ್ನ ಏನ್ ಹೇಳಿ ಮಲಗಸಲಿ?”

ಅಣ್ಣಾ ಎಂದು ಕರೆಸಿಕೊಂಡವರು ದತ್ತಾತ್ರಿ. ಪೊಲೀಸ್ ಅಮೀನರಾಗಿ ದುಡಿದು ಹುಮನಾಬಾದಿನಲ್ಲಿ ನೆಲೆಸಿದವರು. ಸಾಹೇಬರ ಮೂವತ್ತು ವರ್ಷದ ಗೆಳೆಯರು. ಬೆಳಿಗ್ಗೆಯಿಂದ ಅವರ ಕಣ್ಣಿನ ನೀರು ಆರಿರಲಿಲ್ಲ. ಈಗ ಕಣ್ಣೊರೆಸಿಕೊಂಡು ಎದ್ದರು.

ಒಳಕೋಣೆಯ ಪರದೆಯ ಹೊರಗೆ ನಿಂತು ಕೇಳಿದರು.

“ಭಾಭಿ, ಸಾಹೇಬ್ರು ಹೋದ ಮ್ಯಾಲ ಈ ಕೋಣಿಗಿ ಯಾರ್ ಬಂದಾರ?”

“ಯಾರೂ ಇಲ್ರಿ.”

“ಮಹೆಬೂಬ?”

“ಇದ್ದತ್ ಕುಂತೀನ್ರಿ. ಗಂಡ ಹೋದಾಕಿ ನಾಕು ತಿಂಗಳು ಹತ್ತು ದಿನ ಒಳಗೇ ಇರಬೇಕು. ಗಂಡನ ಅಣ್ಣನ ಮಗನಾದ್ರೇನು, ಪರದೆ ದಾಟಿ ಬರತಾನೇನ್ರಿ? ಅಮೀನ ಸಾಬ್ರು ನೀವೇ ಹೊರಗ ನಿಂತೀರಿ.”

ಮಹೆಬೂಬನ ಮೇಲೆ ಎಲ್ಲರ ಕಣ್ಣಿತ್ತು. ಆ ಕೀಲಿಕೈಗಳು ಮನೆಯಲ್ಲಿದ್ದರೆ ಆಪತ್ತು, ಕಚೇರಿಗೆ ಒಪ್ಪಿಸಿಬಿಡೋಣ ಎಂದು ಅವನು ಚಿಕ್ಕಪ್ಪ ಬದುಕಿದ್ದಾಗಲೇ ಜಗಳ ತೆಗೆದಿದ್ದ. ಹೌದು, ಅಂದದ್ದು ನಿಜ, ಮುಟ್ಟಿಲ್ಲ ಎಂದು ಅವನು ಅತ್ತುಕೊಂಡು ಆಣೆ ಮಾಡಿದ.

ಅನುಮಾನಕ್ಕೆ ಸಿಕ್ಕ ಇನ್ನೊಬ್ಬ, ಜೋಳದ ವ್ಯಾಪಾರಿ ಉತ್ತಮ. ಬೇವಾರಸಿ ಮನೆಗಳಾದರೆ ಚೀಲ ಇಡಲು ತನಗೇ ಬೇಕೆಂದು ಮೊದಲೇ ಅರ್ಜಿ ಹಾಕಿದವನು. ಅವನು ನಕ್ಕುಬಿಟ್ಟ.

“ಕೀಲಿಕೈ ಕದ್ದು ಏನ್ ಮಾಡ್ಲಿ, ಅಮೀನ ಸಾಬ್ರ? ನನ್ನ ಮನ್ಯಾಗ ಸುತ್ತಿಗಿ ಇಲ್ಲೇನು?”

ಮಂದಿ ಸಿಟ್ಟಾದರು. ದತ್ತಾತ್ರಿ ಮಾತ್ರ ಥಟ್ಟನೆ ಮೆಟ್ಟು ಮೆಟ್ಟಿದರು.

ಒಬ್ಬರೇ ಓಣಿಗೆ ಹೋದರು. ಹನ್ನೊಂದು ಬಾಗಿಲಿಗೂ ಬೀಗ ಹಾಗೇ ಇತ್ತು. ಕುಲ್ಸುಮ್ ಬೀಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಮರಳಿ ಬಂದು ಎಲ್ಲರನ್ನೂ ಕರೆದರು.

“ಉತ್ತಮ ಖರೇ ಹೇಳ್ಯಾನ. ಮನಿ ನುಂಗಾಂವ ಕೀಲಿ ಒಡಿತಾನ. ಕೀಲಿಕೈ ಯಾರಿಗಿ ಬೇಕು? ಬಾಗಲಾ ತೆಗೆದು, ಮತ್ತ ಹಾಕೋರಿಗಿ ಬೇಕು. ಭಾಭಿ ಕೋಣಿಗಿ ಗಂಡಸರು ಹೋಗಂಗಿಲ್ಲ. ಅಂದ್ರ ಹೆಂಗಸು. ದಿನಾ ಎರಡು ಸರ್ತಿ ಒಳಗ ಹೋಗತಾಳ—ಆದ್ರ ನೀರಿನಾಕಿ ಬಂದದ್ದು ಯಾರಿಗೂ ಲೆಕ್ಕಕ್ಕಿಲ್ಲ.”

ಆಮೇಲೆ ಕುಲ್ಸುಮ್ ಬೀಯ ಕಡೆ ತಿರುಗಿದರು.

“ತಂಗಿ, ನೀ ಹೊಸ್ತಿಲಕ್ಕ ಅರಿಶಿಣ ಹಚ್ಚತಿಯೇನು?”

“ಇಲ್ರಿ, ನಮ್ಮಾಗ ಯಾರ್ ಹಚ್ಚತಾರ?”

“ನಿನ್ನ ಹೊಸ್ತಿಲದ ಎರಡೂ ತುದಿಗಿ ಹಚ್ಯಾರ. ಸಾರಿಸಿದ ಕೈ ರೂಢಿಯಿಂದ ಹಚ್ಚಿ ಬಿಟ್ಟದ. ದ್ರೌಪತೀ, ತಗೊಂಡಾಕಿ ನೀನು.”

ದ್ರೌಪತಿ ಕೊಡ ಇಳಿಸಿದಳು. ಸೆರಗಿನ ಗಂಟು ಬಿಚ್ಚಿ ಕೀಲಿಕೈಗಳನ್ನು ನೆಲದ ಮೇಲಿಟ್ಟಳು.

ಕುಲ್ಸುಮ್ ಬೀಯ ಬಾಗಿಲು ತೆರೆದರು. ಮೃಗಶಿರದ ಮಳೆ ನಾಲ್ಕು ದಿನ ಸುರಿದಿತ್ತು. ನೆಲದ ಮೇಲೆ ಒಂದು ಹನಿಯ ಗುರುತಿಲ್ಲ. ಮಾಳಿಗೆಯ ತೂತುಗಳಿಗೆಲ್ಲ ಮಣ್ಣು ತುಂಬಿತ್ತು. ಗೋಡೆ ಬಳಿದಿತ್ತು. ಕೌದಿಗಳು ಬಿಸಿಲು ಕಂಡು ಮಡಚಿ ಕುಳಿತಿದ್ದವು. ಎರಡನೆಯ ಮನೆಯೂ ಹಾಗೆ, ಮೂರನೆಯದೂ ಹಾಗೆ. ಹತ್ತು ಮನೆ. ದಿನವಿಡೀ ಕೊಡ ಹೊರುವ ಒಬ್ಬ ಹೆಂಗಸು, ಯಾರೂ ಸುಳಿಯದ ಓಣಿಯಲ್ಲಿ, ನಲವತ್ತು ದಿನಗಳಲ್ಲಿ! ಕುಲ್ಸುಮ್ ಬೀ ಗೋಡೆಗೆ ಅಂಗೈ ಇಟ್ಟು ನಿಂತೇ ಇದ್ದಳು.

ಯಾಕೆ ಹೇಳಲಿಲ್ಲ ಎಂದು ದತ್ತಾತ್ರಿ ಕೇಳಿದರು.

“ಮನಿಯವರ ಕೈಗೇ ಕೊಡತೀನಂತ ಒಳಗಿನ ಅಮ್ಮಾ ಅವರು, ಸಾಹೇಬ್ರಿಗಿ ಮಾತು ಕೊಟ್ಟಿದ್ರು. ಕೇಳಿದ್ರ ಒಲ್ಲೆ ಅಂತಿದ್ರು. ಮಳಿ ಹೇಳಿ ಕೇಳಿ ಬರತದೇನ್ರಿ? ಹೋದ ವರ್ಷ ನನ್ನ ಗುಡಸಲ ಹ್ಯಾಂಗ ಕುಸದು ಕೂತಿತು, ನೋಡೀನಿ. ಒಂದು ಮನಿ ಉಳದಿತ್ತು, ಮುಗಿಸಿ ಇಟ್ಟುಬಿಡಬೇಕು ಅಂದೆ. ಅಷ್ಟರಾಗ ಕಳವಿನ ಮಾತು ಎದ್ದಿತು, ಅಂಜಿದೆ.”

“ಈಗ ಎಲ್ಲಿ ಮಲಗತಿ?”

“ಬಾವಿ ಕಟ್ಟಿ ಮ್ಯಾಲ.”

“ಹನ್ನೊಂದು ಮನಿ ಕೀಲಿಕೈ ಸೆರಗಿನಾಗ ಇಟಗೊಂಡು?”

“ಮನಿ ಅವರವು. ನಾ ಹ್ಯಾಂಗ ಮಲಗಲಿ?”

ಕಳ್ಳರ ಕೈಗೆ ಬೇಡಿ ಹಾಕುತ್ತ ಮುದುಕರಾದ ದತ್ತಾತ್ರಿ ಅವಳ ಕೈಗಳನ್ನು ನೋಡಿದರು. ಬೆರಳ ಸಂದಿಯಲ್ಲಿ ಮಣ್ಣು ಒಣಗಿತ್ತು.

ಬುಧವಾರ ಹನ್ನೊಂದನೆಯ ಮಾಳಿಗೆಗೆ ಮಹೆಬೂಬ ಮಣ್ಣು ಹೊತ್ತ. ಮಣ್ಣಿಗೆ ಬೆರೆಸಲು ಉತ್ತಮ ಎರಡು ಚೀಲ ಹೊಟ್ಟು ಕಳಿಸಿದ—ತಾನು ಬರಲಿಲ್ಲ. ಗುರುವಾರ ಪಂಚರ ಮುಂದೆ, ಹುಮನಾಬಾದಿನಿಂದ ಬಂದ ಮನೆಯವರ ಕೈಯಲ್ಲೇ ಹನ್ನೊಂದು ಬೀಗ ತೆರೆದವು. ಬೇವಾರಸಿ ಎಂದು ಒಂದೂ ಬರೆಯಲಿಲ್ಲ. ಪರದೆಯ ಒಳಗಿನಿಂದ ಸರ್ದಾರಬಿ, ಸಾಹೇಬರ ಹೊರಕೋಣೆಯನ್ನು ದ್ರೌಪತಿಯ ಹೆಸರಿಗೆ ಬರೆದುಕೊಳ್ಳಿರಿ ಎಂದರು. ಪಂಚರು ಅದನ್ನೂ ಬರೆದರು.

ಸಂಜೆ ದತ್ತಾತ್ರಿ ಸಾಹೇಬರ ಗೋರಿಯ ಬಳಿ ಕುಳಿತರು. ಕುಲ್ಸುಮ್ ಬೀ ಎರಡೂ ಅಂಗೈ ಮೇಲೆತ್ತಿ ದುವಾ ಮಾಡುತ್ತಿದ್ದಳು. ದತ್ತಾತ್ರಿ ಕೈ ಜೋಡಿಸಿದರು.

“ದೇವರೇ, ನಿನ್ನ ಮಕ್ಕಳಿಗೆ ನೆಲೆ ಹುಡುಕಿ ಹುಡುಕಿ ದಣಿದ ಜೀವ ನಿನ್ನಲ್ಲಿಗೆ ಬಂದಿದೆ. ಅವನು ಮಾಡಿದ ತಪ್ಪಿದ್ದರೆ ಮನ್ನಿಸು. ಅವನ ದಣಿವು ಆರಿಸು. ಅವನ ಆತ್ಮಕ್ಕೆ ನಿನ್ನ ಶಾಂತಿ ಕೊಡು.”