ಮಜ್ಜಿಗೆ ಕೇಳಲು ಬಂದವಳು

ಜುಲೈ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಡಗೋಡ ಪೊಲೀಸ್ ಠಾಣೆಗೆ ಬಂದ ದೂರನ್ನು ಕೇಳಿ ಹೆಡ್ ಕಾನ್‌ಸ್ಟೇಬಲ್ ಶಂಕ್ರಪ್ಪ ಮೊದಲು ನಕ್ಕುಬಿಟ್ಟ. ಮನೆಮನೆಯ ಎಣ್ಣೆ ಕಳುವಾಗುತ್ತಿದೆಯಂತೆ. ಒಗ್ಗರಣೆಗೆ ಹಾಕುವ ಎಣ್ಣೆಯಲ್ಲ, ಬೆಳೆಯ ಹುಳಕ್ಕೆ ಹೊಡೆಯುವ ವಿಷ. ಅದಕ್ಕೆ ಈ ಸೀಮೆಯಲ್ಲಿ ಎಣ್ಣೆ ಎಂದೇ ಹೆಸರು. ಅದು ತಿಳಿದ ಮೇಲೆ ಶಂಕ್ರಪ್ಪನ ನಗು ನಿಂತಿತು.

ದೂರು ತಂದವನು ಮಳಗಿ ಕಡೆಯ ಒಂದು ಹಳ್ಳಿಯ ಚನಬಸಪ್ಪ. ಗೋವಿನಜೋಳದ ರೈತ, ಪಂಚಾಯಿತಿ ಸದಸ್ಯ, ಊರಿನಲ್ಲಿ ಹುಲ್ಲುಕಡ್ಡಿ ಅಲುಗಿದರೂ ತನಗೆ ಗೊತ್ತಾಗಬೇಕು ಎನ್ನುವ ಪೈಕಿ. ಇನ್ಸ್‌ಪೆಕ್ಟರ್ ರುದ್ರೇಶ ಅವನನ್ನು ಕೂರಿಸಿ ಕೇಳಿದರು.

“ಎಷ್ಟು ಮನಿ?”

“ಏಳೆಂಟು ಮನಿ ಆತ್ರಿ. ನಮ್ಮನೀದ ಮೊದಲ ಹೋತು.”

“ಹೊಡಿಯೂ ಪಂಪು?”

“ಪಂಪು ಅಲ್ಲೇ ಐತ್ರಿ. ಗೊಬ್ಬರದ ಚೀಲಾನೂ ಅಲ್ಲೇ ಅದಾವು. ವಿಷ ಅಷ್ಟ ಹೋಗೇತಿ. ನಮ್ಮನ್ಯಾಗ ಒಂದು ಖೋಲಿ ಬಾಗಲದ ಒಳಗಿನ ಎರಡೂ ಚಿಲಕಾನೂ ಕಿತ್ಕೊಂಡು ಹೋಗ್ಯಾರ.”

“ಚಿಲಕ ಯಾಕ?”

“ಅದ ನನಗೂ ತಿಳಿವಲ್ದು.”

“ಯಾರ ಮ್ಯಾಲಾದ್ರೂ ಸಂಶಯ?”

“ಹೆಸರು ಹೇಳಾಕ ಬರೂದಿಲ್ರಿ. ಆದ್ರ ಇಷ್ಟು ವಿಷ ಕೂಡಿಸಿದವ ಅದನ್ನ ಎಲ್ಲಿ ಸುರವ್ಯಾನು ಹೇಳ್ರಿ? ಮಂದಿ ಟಾಕಿ ನೀರು ಕುಡ್ಯೂದು ಬಿಟ್ಟಾರ.”

ನೀರಿನ ಟಾಕಿ ಎಂದರೆ ಇಡೀ ಊರಿನ ಗಂಟಲು. ರುದ್ರೇಶ ತಡಮಾಡದೆ ಎಫ್‌ಐಆರ್ ದಾಖಲಿಸಿ, ಟಾಕಿಯ ಬಳಿ ಇಬ್ಬರು ಪೇದೆಗಳನ್ನು ನಿಲ್ಲಿಸಲು ಹೇಳಿ, ಜೀಪು ಹತ್ತಿದರು.

ಮಧ್ಯಾಹ್ನ ಪಂಚರ ಎದುರು ಒಂದೊಂದೇ ಮನೆಯ ಸ್ಥಳ ಪಂಚನಾಮೆ ನಡೆಯಿತು. ಎಲ್ಲ ಕಡೆ ಒಂದೇ ಕತೆ. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದರ ಗೋಡೆಯ ಗೂಡಿನಲ್ಲಿ ಎಣ್ಣೆಯ ಡಬ್ಬಿ ಇಡುತ್ತಿದ್ದರು. ಅದಕ್ಕೆ ಬೀಗವೂ ಇಲ್ಲ, ಮುಚ್ಚುಮರೆಯೂ ಇಲ್ಲ. ಮಕ್ಕಳ ಕೈಗೆಟುಕುವ ಎತ್ತರದಲ್ಲಿ ವಿಷವಿಟ್ಟು ತುಪ್ಪದ ಗಡಿಗೆಯನ್ನು ಮಾತ್ರ ಅಟ್ಟದ ಮೇಲಿಡುವ ಜಾಣರು ನಾವು. ಒಂದು ಮನೆಯಲ್ಲೂ ಬಾಗಿಲು ಮುರಿದಿರಲಿಲ್ಲ, ಒಂದು ನಾಯಿಯೂ ಬೊಗಳಿರಲಿಲ್ಲ.

“ಹೊರಗಿನವ್ರ ಕೆಲಸ ಅಲ್ಲ ಇದು” ಎಂದರು ರುದ್ರೇಶ.

ಪಂಚನಾಮೆ ಮುಗಿಸಿ ಚನಬಸಪ್ಪನ ಮನೆಯ ಕಟ್ಟೆಯ ಮೇಲೆ ಕೂತಾಗ ಅವನ ಹೆಂಡತಿ ನೀಲಕ್ಕ ಎಲ್ಲರಿಗೂ ದೊಡ್ಡ ಲೋಟಗಳಲ್ಲಿ ಮಜ್ಜಿಗೆ ತಂದುಕೊಟ್ಟಳು. ನಿದ್ದೆ ಕಾಣದ ಕಣ್ಣು, ಹಣೆಯ ಮೇಲೆ ವಿಭೂತಿ. ಬಾಗಿಲ ಬಳಿ ಹದಿನಾರು ಹದಿನೇಳರ ಹುಡುಗಿಯೊಬ್ಬಳು ನಿಂತಂತಾಗಿ ಮರೆಯಾದಳು.

“ಮಗಳ್ರಿ, ಅನ್ನಪೂರ್ಣಾ” ಎಂದ ಚನಬಸಪ್ಪ. “ಹಳಿಯಾಳದಾಗ ಹಾಸ್ಟೆಲ್‌ನಾಗ ಇದ್ಲು. ಅಲ್ಲೀ ಊಟ ಹಿಡೀಲಿಲ್ಲ ಅಂತ ಬಂದು ಕುಂತಾಳ.”

ಮಜ್ಜಿಗೆ ಗಟ್ಟಿಯಾಗಿತ್ತು, ರುಚಿಯಾಗಿತ್ತು. “ಮನೀದರಿ. ಎರಡು ಎಮ್ಮಿ ಹಿಂಡ್ತಾವು” ಎಂದು ಚನಬಸಪ್ಪ ಹೆಮ್ಮೆಯಿಂದ ಹೇಳಿದ.

ಮರುದಿನ ಮಹಿಳಾ ಕಾನ್‌ಸ್ಟೇಬಲ್ ಮಧುಮತಿ ಊರಿನ ಹೆಂಗಸರನ್ನು ವಿಚಾರಿಸಿದಳು. ಕಳುವಾದ ಮನೆಗಳಲ್ಲೊಂದು ಮುದುಕಿ ಮಾಲವ್ವನದು, ಚನಬಸಪ್ಪನ ಮನೆಯ ಗೋಡೆಗೆ ಗೋಡೆ ಹತ್ತಿದ್ದು.

“ಎಣ್ಣಿ ಹೋಗೂಕಿಂತ ಮೊದಲ ಮನಿಗೆ ಯಾರ್ ಬಂದಿದ್ರು ಆಯಿ?”

“ಯಾರೂ ಬಂದಿಲ್ಲವಾ.”

“ಯಾರಂದ್ರ ಯಾರೂ?”

“ನಮ್ಮ ನೀಲಕ್ಕ ಮಜ್ಜಿಗಿ ಕೇಳಾಕ ಬಂದಿದ್ಲು. ಒಳಗ ಹೋಗಿ ಹಾಕ್ಕೊಂಡು ಬಂದು ಕೊಟ್ಟೆ. ಅದೂ ಒಂದು ಬರೂದೇನು?”

ಮಜ್ಜಿಗೆ ಮಾರುವ ಪದಾರ್ಥವಲ್ಲ. ಕೇಳಲು ಬಂದವರನ್ನು ಬರಿಗೈಲಿ ಕಳಿಸುವುದೂ ಇಲ್ಲ, ಬಂದರೆಂದು ಲೆಕ್ಕ ಇಡುವುದೂ ಇಲ್ಲ. ಆದರೆ ಮುಂದಿನ ಮನೆಯಲ್ಲೂ ಅದೇ ಉತ್ತರ, ಅದರ ಮುಂದಿನ ಮನೆಯಲ್ಲೂ ಅದೇ. ಮಧುಮತಿ ಠಾಣೆಗೆ ಬಂದು ಇದನ್ನು ಹೇಳುತ್ತಿದ್ದಂತೆ ರುದ್ರೇಶರಿಗೆ ತಾವು ಕುಡಿದ ಲೋಟ ನೆನಪಾಯಿತು.

“ಎರಡು ಎಮ್ಮಿ ಹಿಂಡೂ ಮನ್ಯಾಕಿ ಮಂದಿ ಮನಿಗೆ ಮಜ್ಜಿಗಿ ಕೇಳಾಕ ಯಾಕ ಹೋಗ್ತಾಳ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದೂರು ಕೊಟ್ಟವನ ಹೆಂಡತಿಯೇ! ಯಾರಿಗೆ ಹಾಕಲು? ಗಂಡನಿಗೋ? ಪೊಲೀಸರ ತಲೆ ಹೀಗೇ ಓಡುತ್ತದೆ, ಅದಕ್ಕೆ ಅವರನ್ನು ಬೈದು ಉಪಯೋಗವಿಲ್ಲ.

ಬುಧವಾರ ಬೆಳಿಗ್ಗೆ ರುದ್ರೇಶ, ಮಧುಮತಿ ಇಬ್ಬರೂ ನೀಲಕ್ಕನನ್ನು ಹಿತ್ತಲಿಗೆ ಕರೆದರು. ಚನಬಸಪ್ಪನಿಗೆ ಒಳಗೇ ಇರಲು ಹೇಳಿದರು.

“ನೀಲಕ್ಕಾರ, ಎಣ್ಣಿ ಎಲ್ಲಿ ಇಟ್ಟೀರಿ?”

ನೀಲಕ್ಕ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ಯಾರಿಗೆ ಹಾಕಾಕ ಕೂಡಿಸಿದ್ರಿ?”

ಕೆನ್ನೆಗೆ ಹೊಡೆಸಿಕೊಂಡವಳಂತೆ ಅವಳು ತಲೆಯೆತ್ತಿದಳು. “ಶಿವ ಶಿವಾ! ಹಾಕಾಕ ಅಲ್ರೀ.”

“ಮತ್ತ?”

“ಹೊಲಕ್ಕ ಬರ್ರಿ, ತೋರಸ್ತೇನಿ. ಲಗೂನ ಹೋಗಿ ಲಗೂನ ಬರೂಣು.”

ಹೊರಡುವ ಮುಂಚೆ ಅವಳು ಗೋಡೆಯಾಚೆಗೆ ಕೂಗಿ ಮಾಲವ್ವನನ್ನು ಕರೆದಳು. “ಯವ್ವಾ, ನಾ ಬರೂತನಕ ನಮ್ಮ ಅನ್ನಿ ಕಡೆ ಕುಂದರು. ಎದ್ದು ಹೋಗಬ್ಯಾಡ” ಎಂದಳು. ಬಂಧನಕ್ಕೆ ಹೊರಟವಳಿಗೆ ಮಗಳ ಕಾವಲಿನ ಚಿಂತೆ ಯಾಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಚನಬಸಪ್ಪ ಮುಖ ಕೆಂಪಗೆ ಮಾಡಿಕೊಂಡು ಬೈಕಿನಲ್ಲಿ ಜೀಪಿನ ಹಿಂದೆ ಬಂದ.

ಹೊಲದಂಚಿನ ಸಾಗವಾನಿ ಮರಗಳ ಬುಡದಲ್ಲಿ ನೀಲಕ್ಕ ತೋರಿಸಿದ ಕಡೆ ಪಂಚರ ಎದುರು ಮಣ್ಣು ತೆಗೆಸಲಾಯಿತು. ಡಬ್ಬಿಗಳು ಒಂದೊಂದಾಗಿ ಮೇಲೆ ಬಂದವು. ಒಂದರ ಮುಚ್ಚಳವೂ ತೆರೆದಿರಲಿಲ್ಲ. ಕೊನೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಚಿಲಕಗಳು ಬಂದವು.

ಚನಬಸಪ್ಪ ಒಂದು ಚಿಲಕವನ್ನು ಎತ್ತಿ ತಿರುಗಿಸಿ ನೋಡಿದ. ಅವನಿಗೆ ಸಿಟ್ಟು ಬಂತು. “ಚಿಲಕಾನೂ ನೀನ ಕಿತ್ತೇನ? ಮಾನ ಕಳದ್ಯಲ್ಲಾ! ಕಳ್ಳರು ಒಯ್ದಾರ ಅಂತ ಪ್ಯಾಟಿಯಿಂದ ಹೊಸಾವು ತಂದು, ಈಗ ನೀ ಹಿತ್ತಲದಾಗ ಇವರ ಕೂಡ ಮಾತಾಡೂಮುಂದ ಕುಂದರ್ಸಿ ಬಂದೇನಿ.”

“ಯಾವ ಖೋಲಿಗೆ?” ಎಂದಳು ನೀಲಕ್ಕ.

“ಅನ್ನಪೂರ್ಣಾನ ಖೋಲಿಗೆ.”

ನೀಲಕ್ಕ ಊರಿನ ಕಡೆಗೆ ಓಡತೊಡಗಿದಳು. ಕಾಲಿಗೆ ಸೀರೆ ತೊಡರಿ ಬಿದ್ದಳು, ಎದ್ದು ಮತ್ತೆ ಓಡಿದಳು. ಮಧುಮತಿ ಅವಳನ್ನು ಹಿಡಿದು ಜೀಪಿಗೆ ಹತ್ತಿಸಿದಳು. ಚನಬಸಪ್ಪನೂ ಬೈಕು ಅಲ್ಲೇ ಬಿಟ್ಟು ಹತ್ತಿದ.

“ಏನಾತ್ರಿ? ಹೇಳ್ರಿ” ಎಂದರು ರುದ್ರೇಶ.

“ಹಾಸ್ಟೆಲ್‌ನಾಗ ನಮ್ಮ ಅನ್ನಿ ಕೂಡ ಇದ್ದ ಹುಡುಗಿ ಸೂಟಿಗೆ ಊರಿಗೆ ಹೋಗಿ ಎಣ್ಣಿ ಕುಡದು ಸತ್ಲು ಸಾಹೇಬ್ರ. ಅವತ್ತಿಂದ ಈಕಿ ಉಣ್ಣೂದಿಲ್ಲ, ಮಲಗೂದಿಲ್ಲ. ಒಂದಿನ ತಲಿ ಬಾಚೂಮುಂದ ಕೇಳಿದ್ಲು, ಅವ್ವಾ, ನಾನೂ ಆಕಿ ಹಂಗ ಹೋಗ್ಲೇನು ಅಂತ.”

“ಯಾರಿಗೂ ಹೇಳಲಿಲ್ಲ?”

“ಹುಚ್ಚು ಹಿಡದೈತಿ ಅಂತ ಊರು ಅಂದ್ರ ಏನ್ ಮಾಡ್ಲಿ? ಇವರಿಗೆ ಹೇಳಿದ್ರ ಆಕಿಗೆ ಹೊಡೀತಾರ. ಡಾಕ್ಟರು, ಔಷಧ ನನಗೇನ್ ತಿಳೀತೈತ್ರಿ? ಊರಾಗ ವಿಷನ ಇಲ್ಲದಂಗ ಮಾಡೂಣು ಅಂದೆ. ಒಳಗಿಂದ ಬಾಗಲಾ ಹಾಕ್ಕೋಬಾರದು ಅಂತ ಚಿಲಕ ಕಿತ್ತೆ.”

ಊರಿನ ಟಾಕಿ ಕಾಯಲು ಹೊರಟವನಿಗೆ ತನ್ನ ಮನೆಯ ಮಗಳು ಮೂರು ತಿಂಗಳಿಂದ ಬಾವಿಯ ಅಂಚಿನಲ್ಲಿ ನಿಂತಂತಿದ್ದದ್ದು ಗೊತ್ತೇ ಇರಲಿಲ್ಲ.

ಮನೆಯೊಳಗೆ ಮಾಲವ್ವ ಕೋಣೆಯ ಬಾಗಿಲು ಬಡಿಯುತ್ತಿದ್ದಳು. “ನೀರು ಕುಡೀಲಿ ಅಂತ ತರಾಕ ಹೋದ್ನೆವಾ, ಅಷ್ಟರಾಗ ಒಳಗಿಂದ ಹಾಕ್ಕೊಂಡಾಳ!”

ಚನಬಸಪ್ಪ ಬಾಗಿಲಿಗೆ ಭುಜ ಕೊಡಲು ನುಗ್ಗಿದ. ನೀಲಕ್ಕ ಅವನನ್ನು ದೂಡಿದಳು. ಗಂಡನ ಮೈಮುಟ್ಟಿ ದೂಡಿದ್ದು ಬಹುಶಃ ಅವಳ ಬಾಳಿನಲ್ಲಿ ಅದೇ ಮೊದಲು. ಆಮೇಲೆ ಹೊಸ್ತಿಲ ಬಳಿ ಕುಳಿತು, ಎಂದಿನ ದನಿಯಲ್ಲೇ ಕರೆದಳು.

“ಅನ್ನೀ, ನಾನವಾ. ಎಲ್ಲೂ ಹೋಗಿಲ್ಲ. ತಗಿ.”

ರುದ್ರೇಶ ಹಾರೆ ತರಲು ಕೈಸನ್ನೆ ಮಾಡಿದರು. ಆಗ ಹೊಸ ಚಿಲಕ ಕಿರ್ರೆಂದು ಸರಿಯಿತು.

ಹುಡುಗಿ ಬಾಗಿಲ ಹಿಂದೆಯೇ ಗೋಡೆಗೊರಗಿ ಕುಸಿದು ಕೂತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಮಧುಮತಿ ಒಳಗೆ ಹೋಗಿ ಪಕ್ಕದಲ್ಲಿ ಕೂತಳು. ಅನ್ನಪೂರ್ಣಾ ಅವ್ವನ ಮುಖವನ್ನೇ ನೋಡುತ್ತ ಹೇಳಿದಳು.

“ಅವ್ವಾ, ನೀ ಚೀಲದಾಗ ಏನ್ ಒಯ್ತಿದ್ದಿ ಅಂತ ನನಗ ಗೊತ್ತಿತ್ತು. ಯಾವ ಮನಿ ಉಳದಾವು ಅಂತ ನಾನೂ ನೋಡ್ತಿದ್ದೆ. ಮೊನ್ನೆ ರವಿವಾರ ನೀ ಎಮ್ಮಿ ಹಿಂಡೂಮುಂದ ಮಾಲವ್ವ ಆಯಿ ಮನಿಗೆ ಹೋಗಿದ್ದೆ. ಗೂಡು ಖಾಲಿ ಇತ್ತು. ಅಲ್ಲೇ ದನದ ಕಡೆ ಕುಂತು ಅತ್ತು ಬಂದೆ.”

ಮಾಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಮನೆಯ ಎಣ್ಣೆ ಹೋಗಿದ್ದು ಶನಿವಾರ. ರುದ್ರೇಶ ಕೈಯಲ್ಲಿದ್ದ ಪಂಚನಾಮೆಯ ಹಾಳೆಗಳನ್ನು ಮಡಚಿಕೊಂಡರು. ಇಪ್ಪತ್ತು ವರ್ಷ ಹೆಣಗಳನ್ನು ಕಂಡ ಮನುಷ್ಯ, ಹೊರಗೆ ಹೋಗಿ ಕಟ್ಟೆಗೆ ಆತು ನಿಂತರು.

ಚನಬಸಪ್ಪನ ಜೊತೆ ಮಧುಮತಿ ಮತ್ತು ಮಾಲವ್ವ ಅನ್ನಪೂರ್ಣಾಳನ್ನು ಅಂದೇ ತಾಲೂಕು ಆಸ್ಪತ್ರೆಗೆ ಕರೆದೊಯ್ದರು. ಮನಸ್ಸಿನ ಕಾಯಿಲೆಯ ಡಾಕ್ಟರು ಅವಳೊಬ್ಬಳ ಜೊತೆಗೇ ಬಹಳ ಹೊತ್ತು ಮಾತಾಡಿದರು. ಇದು ಹುಚ್ಚಲ್ಲ, ವಾಸಿಯಾಗುವ ಬೇನೆ, ಸಾಯುವ ಮಾತಾಡಿದರೆ ಬಾಯಿ ಮುಚ್ಚಿಸದೆ ಕೂತು ಕೇಳಬೇಕು ಎಂದು ಚನಬಸಪ್ಪನಿಗೆ ಹೇಳಿ, ಮುಂದಿನ ವಾರ ಮತ್ತೆ ಬರಲು ತಿಳಿಸಿದರು.

ದೂರು ವಾಪಸು ಪಡೆಯುತ್ತೇನೆ ಎಂದು ಚನಬಸಪ್ಪ ಠಾಣೆಗೆ ಬಂದು ಕೈಮುಗಿದ. ಎಫ್‌ಐಆರ್ ಆದ ಮೇಲೆ ಅದು ಅವನ ಕೈಯಲ್ಲಿಲ್ಲ, ರುದ್ರೇಶರ ಕೈಯಲ್ಲೂ ಇಲ್ಲ. ಮಧ್ಯಾಹ್ನ ನೀಲಕ್ಕನ ಬಂಧನವಾಯಿತು, ಸಂಜೆಯೊಳಗೆ ಠಾಣೆಯಲ್ಲೇ ಜಾಮೀನೂ ಆಯಿತು. ಜಾಮೀನಿಗೆ ಸಹಿ ಹಾಕಿದವಳು, ಎಣ್ಣೆ ಕಳೆದುಕೊಂಡ ಮಾಲವ್ವ.

“ಕಳವಿನ ಉದ್ದೇಶ ಏನಂತ ಬರೀಲ್ರಿ ಸರ್?” ಎಂದು ಕೇಳಿದ ಶಂಕ್ರಪ್ಪ.

“ಮಗಳು ಬದುಕಲಿ ಅಂತ. ಅಷ್ಟ ಬರಿ.”

ಹೊತ್ತು ಮುಳುಗುವ ಮುಂಚೆ ರುದ್ರೇಶ ತಾವೇ ನೀಲಕ್ಕನನ್ನು ಮನೆಗೆ ಬಿಡಲು ಹೋದರು. ಅನ್ನಪೂರ್ಣಾ ಕಟ್ಟೆಯ ಮೇಲೆ ಮಧುಮತಿಯ ಪಕ್ಕ ಕೂತು ಅನ್ನ ಮಜ್ಜಿಗೆ ಉಣ್ಣುತ್ತಿದ್ದಳು, ನಾಲ್ಕು ತುತ್ತಾದರೂ ಇಳಿದಿತ್ತು. ಒಳಗೆ ಚನಬಸಪ್ಪ ಸ್ಕ್ರೂಡ್ರೈವರ್ ಹಿಡಿದು ಬಚ್ಚಲುಮನೆಯ ಬಾಗಿಲ ಮುಂದೆ ಮಂಡಿಯೂರಿದ್ದ. ಉಳಿದ ಬಾಗಿಲುಗಳದ್ದು ಆಗಲೇ ಮುಗಿದಿತ್ತು. ಕಿತ್ತ ಚಿಲಕಗಳನ್ನೆಲ್ಲ ತಂದು ರುದ್ರೇಶರ ಕೈಗಿಟ್ಟ.

“ಇವನ್ನೂ ಜಪ್ತಿ ಮಾಡ್ಕೊರ್ರಿ ಸಾಹೇಬ್ರ.”