ನೀಲಿ ಲೋಟದ ಹಲ್ಲು

ಟಣ್...

ಗಾಜಿನ ಲೋಟಕ್ಕೆ ಏನೋ ತಗುಲಿದ ಸದ್ದು. ಇಡೀ ಮನೆ ನಿದ್ದೆಯಲ್ಲಿತ್ತು.

ನಾನು ಮಲಗಿರಲಿಲ್ಲ. ನನಗೆ ಹೆದರಿಕೆ ಜಾಸ್ತಿ. ಈ ಕಾವಲಿನ ಕೆಲಸದಲ್ಲಿ ಇನ್ನೂ ಜೀವಂತವಾಗಿರುವುದೂ ಅದರಿಂದಲೇ.

ಸೋಫಾದಿಂದೆದ್ದು ಅಜ್ಜ, ಅಜ್ಜಿ ಮಲಗುವ ಕೋಣೆಯ ಬಾಗಿಲು ತಳ್ಳಿದೆ. ಒಬ್ಬ ಆಸಾಮಿ ಕಿಟಕಿಯಿಂದಾಚೆ ಒಂದು ಕಾಲು ಹಾಕಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಹಲ್ಲುಸೆಟ್ಟು!

ನಗಬೇಡಿ. ಅದನ್ನು ಕಾಯಲೆಂದೇ ಲ್ಯಾಬಿನವರು ನನ್ನನ್ನು ಇಟ್ಟಿದ್ದರು.

ಅಜ್ಜಿಗೆ ಎಂಬತ್ತು ದಾಟಿದೆ. ಅಪ್ಪ, ಅಮ್ಮ ಇಬ್ಬರಿಂದಲೂ ಮರೆವಿನ ಕಾಯಿಲೆಯ ಜೀನ್ ಬಂದಿದೆ. ಅದೇ ಜೀನ್ ಹೊತ್ತ ಅವರ ತಂಗಿ ಅರವತ್ತಕ್ಕೇ ಮಕ್ಕಳ ಮುಖ ಮರೆತರು. ಅಜ್ಜಿ ಮಾತ್ರ, ಹೋದ ವಾರ ನನ್ನ ಅಂಗಿಯ ಯಾವ ಗುಂಡಿ ಕಿತ್ತುಹೋಗಿತ್ತು ಎಂದು ಇವತ್ತೂ ಹೇಳುತ್ತಾರೆ. ಅವರ ಇನ್ನೊಂದು ಜೀನಿನಲ್ಲಿ ಅಪರೂಪದ ಸಣ್ಣ ಬದಲಾವಣೆಯೊಂದಿದೆ, ಅದೇ ಕಾಯಿಲೆಗೆ ಅಡ್ಡ ನಿಂತಿದೆ ಎನ್ನುವುದು ಅಜ್ಜಿಯನ್ನು ಪರೀಕ್ಷಿಸುತ್ತಿರುವ ಲ್ಯಾಬಿನ ಡಾಕ್ಟರಮ್ಮನ ಲೆಕ್ಕ.

ಇದು ಒಂದು ಔಷಧ ಕಂಪನಿಯ ಕಿವಿಗೆ ಬಿತ್ತು. ಅಜ್ಜಿಯ ಎಂಜಲು ಸಿಕ್ಕರೆ ಸಾಕು... ಜೀನ್ ಪತ್ತೆ ಮಾಡಿ, ಅದರಿಂದಾಗುವ ಔಷಧಕ್ಕೆ ಮೊದಲು ಪೇಟೆಂಟ್ ಹಾಕಿಬಿಡುತ್ತಾರೆ. ಡಾಕ್ಟರಮ್ಮನ ಔಷಧದ ಕೆಲಸಕ್ಕೆ ಬೀಗ. ಆ ಔಷಧಕ್ಕಾಗಿ ಕಾಯುತ್ತಿರುವವರಲ್ಲಿ ಅಜ್ಜಿಯ ಮಗಳೂ ಒಬ್ಬಳು. ಈಗಾಗಲೇ ಅವಳು ಮನೆಗೆ ಬರುವ ದಾರಿಯಲ್ಲಿ ನಿಂತು, ಯಾವ ಕಡೆ ತಿರುಗಬೇಕೆಂದು ಯೋಚಿಸುತ್ತಾಳೆ.

ಕಿಟಕಿಯಾಚೆ ಕಬ್ಬಿಣದ ಮೆಟ್ಟಿಲು. ಅವನು ಧಡಧಡ ಇಳಿದ. ಹಿಂದೆಯೇ ನಾನು, ಬರಿಗಾಲಲ್ಲಿ. ತಿರುವಿನಲ್ಲಿ ಕಾಲರ್ ಸಿಕ್ಕಿತು. ತೋಳು ತಿರುಚಿ ಕಂಬಿಗೆ ಒತ್ತಿದೆ.

"ಬಿಡ್ರೀ... ಕೈ ಮುರಿಯುತ್ತೆ."

"ಮುರೀಲಿ ಅಂತಾನೇ ಹಿಡ್ಕೊಂಡಿರೋದು. ಯಾರು ಹೇಳಿದ್ದು ನಿಂಗೆ, ಯಾವ ಲೋಟ ಅಂತ?"

"ಹಗಲು ಬರೋ ಆಯಾ. ನೀಲಿ ಲೋಟ ಅಜ್ಜೀದು, ಬಿಳೀದು ಅಜ್ಜಂದು ಅಂದ್ಲು. ಮೇಡಂ, ನೀವೂ ಕೂಲಿಗೆ, ನಾನೂ ಕೂಲಿಗೆ. ಯಾರದೋ ಹಲ್ಲಿಗೆ ನಾವ್ಯಾಕೆ ಹೊಡೆದಾಡೋದು?"

ಮೇಲೆ ದೀಪ ಹತ್ತಿತು. ಅಜ್ಜಿ ಕಿಟಕಿಯಿಂದ ಬಗ್ಗಿದರು. ಕಳ್ಳನ ಬೆನ್ನು ಆ ಕಡೆಗಿತ್ತು. ಅಜ್ಜಿ ನನ್ನನ್ನು ನೋಡಿ ನಕ್ಕರು.

ಬಾಯಿ ತುಂಬ ಹಲ್ಲು!

ಅಜ್ಜಿಯ ಹಲ್ಲು ಅಜ್ಜಿಯ ಬಾಯಲ್ಲೇ ಇದ್ದರೆ... ಇವನ ಚೀಲದಲ್ಲಿರುವುದು ಯಾರದು?

ಬಿಡು, ಎಂಬಂತೆ ಅಜ್ಜಿ ಕೈ ಬೀಸಿದರು. ಕಣ್ಣು ಮಿಟುಕಿಸಿದರು. ಆಮೇಲೆ ಬಾಯಿಗೆ ಅಂಗೈ ಅಡ್ಡ ಹಿಡಿದು ಗೋಳಾಡಿದರು.

"ಅಯ್ಯೋ, ನನ್ ಹಲ್ಲು... ಬೆಳಿಗ್ಗೆ ಏನ್ ಅಗೀಲಿ?"

ನಾನು ಕಾಲು ಜಾರಿದಂತೆ ಬಿದ್ದೆ. ಕಳ್ಳ ಕೊಸರಿಕೊಂಡು ಓಡಿದ. "ಹಿಡೀರಿ" ಎಂದು ಒಂದು ಸಲ ಕೂಗಿದೆ. ತೀರಾ ಜೋರಾಗಿ ಅಲ್ಲ.

ಮೇಲೆ ಬಂದರೆ ಅಜ್ಜ ಬೊಚ್ಚುಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ವಯಸ್ಸಿನ ಮರೆವು. ಮಲಗುವ ಮುಂಚೆ ಹಲ್ಲು ಬಿಚ್ಚಿ, ಮೊದಲು ಕಣ್ಣಿಗೆ ಬಿದ್ದ ನೀಲಿ ಲೋಟಕ್ಕೇ ಹಾಕುತ್ತಾರಂತೆ. ಹೇಳಿ ಹೇಳಿ ಸಾಕಾಗಿ ಅಜ್ಜಿಯೇ ಬಿಳಿ ಲೋಟಕ್ಕೆ ಬದಲಾಯಿಸಿಕೊಂಡಿದ್ದರು. ಹಗಲಲ್ಲಿ ಖಾಲಿ ಲೋಟ ಮಾತ್ರ ನೋಡುವ ಆಯಾಗೆ ಇದು ಹೇಗೆ ಗೊತ್ತಾಗಬೇಕು? ನಾನು ಕಿಟಕಿ ಹಾರುತ್ತಲೇ ಅಜ್ಜಿ ತಮ್ಮ ಸೆಟ್ಟು ಹಾಕಿಕೊಂಡಿದ್ದರು.

ಇನ್ನು ಕಂಪನಿಯ ವಿಜ್ಞಾನಿಗಳು ಸಾಲಾಗಿ ಕೂತು ಅಜ್ಜನ ಜೀನಿನಲ್ಲಿ ನೆನಪಿನ ಶಕ್ತಿ ಹುಡುಕುತ್ತಾರೆ!

ಡಾಕ್ಟರಮ್ಮನಿಗೆ ಹೇಳಬೇಕಲ್ಲ ಎಂದೆ.

"ಹೇಳಿದ್ರೆ ಲ್ಯಾಬೆಲ್ಲ ನಗುತ್ತೆ. ನಕ್ಕಿದ್ದು ಕಂಪನಿಗೂ ಕೇಳ್ಸುತ್ತೆ. ಹಲ್ಲು ಗಂಡಸಿಂದು ಅಂತ ಗೊತ್ತಾಗೋವರೆಗೆ ಅವರು ತಪ್ಪು ಕಡೆ ಹುಡುಕ್ತಾ ಇರ್ತಾರೆ, ಅಷ್ಟು ದಿನ ನನ್ನ ಮಗಳಿಗೆ ಸಿಗುತ್ತೆ ಕಣಮ್ಮ."

"ಬೆಳಿಗ್ಗೆ ಅಜ್ಜ ಹಲ್ಲು ಕೇಳಿದ್ರೆ?"

"ನೀವೇ ಎಲ್ಲೋ ಇಟ್ಟು ಮರ್ತಿದ್ದೀರಿ ಅಂತೀನಿ. ನಂಬ್ತಾರೆ, ಪಾಪ."

ಕಳುವಾದದ್ದು ಅಜ್ಜನ ಹಲ್ಲು ಎಂದು ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ. ಕೈಗೆ ಸಿಕ್ಕ ಕಳ್ಳನನ್ನು ಬಿಟ್ಟವಳು ಎಂಬ ಕೆಟ್ಟ ಹೆಸರು ಬರುತ್ತದೆ.

ಬರಲಿ... ಜನ ಬೇಗ ಮರೆಯುತ್ತಾರೆ.